ಸಂಪಾದಕರ ಉತ್ತರ: ಗಂಟೆ ಹೊಡೆದ ಮೇಲೆ ಡೆನೇರಿಸ್ ಮುಖ ಎಲ್ಲಿ ಹೋಯಿತು?

ದಾವಣಗೆರೆಯ ಪ್ರೌಢಶಾಲಾ ಶಿಕ್ಷಕಿಯೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ರಜೆಯಲ್ಲಿ ಮಗಳ ಜೊತೆ ಕೂತು ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯನ್ನು ಮೊದಲಿಂದ ನೋಡಿದರಂತೆ. ಎಂಟನೇ ಸೀಸನ್ನಿನ ಐದನೇ ಕಂತು ಮುಗಿಯುವಷ್ಟರಲ್ಲಿ ಮನೆಯಲ್ಲಿ ಜಗಳ. ಮಗಳು ಅರ್ಧಕ್ಕೇ ಎದ್ದು ಹೋದಳು. ಯಜಮಾನರು, “ಅವಳು ಹೀಗೇ ಮಾಡ್ತಾಳೆ ಅಂತ ಮೊದಲಿಂದ ಸುಳಿವು ಕೊಟ್ಟಿದ್ದಾರಲ್ಲ, ನಿಮಗೆ ಕಾಣಲಿಲ್ಲ ಅಷ್ಟೆ” ಎಂದರು. ಶಿಕ್ಷಕಿಯ ಪ್ರಶ್ನೆ ಇದು: “ಡೆನೇರಿಸ್ ಕೆಟ್ಟವಳಾದಳು ಅಂತ ನನಗೆ ಸಿಟ್ಟಿಲ್ಲ. ಆದರೆ ಏನೋ ಮೋಸ ಆಯ್ತು ಅನ್ನಿಸ್ತಿದೆ. ಏನು ಅಂತ ಹೇಳೋಕೆ ಬರ್ತಿಲ್ಲ. ಒಂದು ಕತೆಯ ಮೇಲೆ ಇಷ್ಟು ಸಿಟ್ಟು ಮಾಡಿಕೊಳ್ಳೋದು ಸರಿನಾ? ಇಡೀ ಸೀಸನ್ ಮತ್ತೆ ಮಾಡಿ ಅಂತ ಲಕ್ಷಾಂತರ ಜನ ಸಹಿ ಹಾಕಿದ್ರಂತಲ್ಲ, ಅದು ಸರಿನಾ?”

ಮೇಡಂ, ನಮಸ್ಕಾರ.

ನಿಮ್ಮ ಮನೆಯ ಜಗಳ 2019ರ ಮೇ ತಿಂಗಳಲ್ಲಿ ಎಷ್ಟೋ ದೇಶಗಳ ಎಷ್ಟೋ ಮನೆಗಳಲ್ಲಿ ನಡೆದದ್ದೇ. ಆ ಕಂತಿನ ಹೆಸರು ‘ದ ಬೆಲ್ಸ್’. ಅಮೆರಿಕದಲ್ಲಿ ಮೇ 12ರ ಭಾನುವಾರ ರಾತ್ರಿ ಬಂತು. ಆಗ ನಮ್ಮಲ್ಲಿ ಸೋಮವಾರ ಬೆಳಿಗ್ಗೆ ಆರೂವರೆ. ಅಲ್ಲಿ ಮೊದಲ ರಾತ್ರಿಯೇ 1 ಕೋಟಿ 84 ಲಕ್ಷ ಜನ ನೋಡಿದರು ಎಂದು ಧಾರಾವಾಹಿಯ ವಾಹಿನಿ ಎಚ್‌ಬಿಒ ಲೆಕ್ಕ ಕೊಟ್ಟಿತು. ಬೆಳಗಾಗುವಷ್ಟರಲ್ಲಿ ನೋಡಿದವರು ಎರಡು ಪಾಲಾಗಿದ್ದರು.

ನೋಡದ ಓದುಗರಿಗಾಗಿ ಎರಡು ಮಾತು. ಡೆನೇರಿಸ್ ಊರು ಬಿಟ್ಟು ಓಡಿದ ರಾಜಮನೆತನದ ಮಗಳು. ಮೂರು ಡ್ರ್ಯಾಗನ್ ಸಾಕಿ, ಗುಲಾಮರನ್ನು ಬಿಡಿಸಿ, ಏಳು ಸೀಸನ್ ಕಾಲ ದೊಡ್ಡ ಸೈನ್ಯ ಕಟ್ಟಿಕೊಂಡು ಬಂದವಳು. ಈ ಕಂತಿನಲ್ಲಿ ರಾಜಧಾನಿ ಕಿಂಗ್ಸ್ ಲ್ಯಾಂಡಿಂಗ್ ಮೇಲೆ ಏರಿ ಹೋಗುತ್ತಾಳೆ. ಶತ್ರು ಸೈನಿಕರು ಕತ್ತಿ ಕೆಳಗೆ ಹಾಕುತ್ತಾರೆ. ಊರವರು “ಗಂಟೆ ಹೊಡೀರಿ, ಗಂಟೆ ಹೊಡೀರಿ” ಎಂದು ಕೂಗುತ್ತಾರೆ. ಗಂಟೆ ಹೊಡೆದರೆ ಶರಣಾದಂತೆ. ಗಂಟೆ ಹೊಡೆಯುತ್ತದೆ, ಯುದ್ಧ ಗೆದ್ದಾಯಿತು. ಆಮೇಲೆ ಅವಳು ಡ್ರ್ಯಾಗನ್ ಎಬ್ಬಿಸಿ ಇಡೀ ಊರನ್ನು ಸುಡುತ್ತಾಳೆ.

ಮೊದಲು ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಹುರುಳಿದೆ. ಎರಡನೇ ಸೀಸನ್ನಿನಲ್ಲೇ ಕಾರ್ತ್ ಊರಿನ ಬಾಗಿಲಲ್ಲಿ ನಿಂತು, ಡ್ರ್ಯಾಗನ್ ದೊಡ್ಡವಾದ ಮೇಲೆ ಊರೂರನ್ನೇ ಸುಡುತ್ತೇನೆ ಎಂದಿದ್ದಳು. ಮೀರೀನ್ ಊರಿನ ಒಡೆಯರು 163 ಗುಲಾಮ ಮಕ್ಕಳನ್ನು ದಾರಿಯುದ್ದಕ್ಕೂ ಮೊಳೆ ಹೊಡೆದು ಕೊಂದಿದ್ದರು. ಅವಳು ಲೆಕ್ಕ ಹಾಕಿ ಅಷ್ಟೇ ಒಡೆಯರನ್ನು ಹಾಗೇ ಕೊಂದಳು. ಮಂಡಿಯೂರದ ಟಾರ್ಲಿ ಅಪ್ಪ ಮಗನನ್ನು ಏಳನೇ ಸೀಸನ್ನಿನಲ್ಲಿ ಸುಟ್ಟಳು. ಕೊನೆಯ ಕಂತಿನಲ್ಲಿ ಅವಳ ಸಲಹೆಗಾರ ಟಿರಿಯನ್ ಇದನ್ನೇ ಎತ್ತಿ ಆಡುತ್ತಾನೆ. ಅವಳು ಕೆಟ್ಟವರನ್ನು ಕೊಂದಾಗಲೆಲ್ಲ ನಾವು ಕೇಕೆ ಹಾಕಿದೆವು, ಅವಳಿಗೂ ತಾನು ಮಾಡಿದ್ದೆಲ್ಲ ಸರಿ ಅನ್ನಿಸುತ್ತಾ ಹೋಯಿತು ಎನ್ನುತ್ತಾನೆ. ಆ ಮಾತು ನೋಡುತ್ತಾ ಕೂತ ನಮಗೂ ತಟ್ಟುತ್ತದೆ, ತಟ್ಟಬೇಕು.

ಆದರೆ ಅದೇ ಧಾರಾವಾಹಿ ಇನ್ನೊಂದು ಸುಳಿವನ್ನೂ ಕೊಟ್ಟಿತ್ತು. ವಾದ ಮಾಡುವವರು ಅದನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ನಾಲ್ಕನೇ ಸೀಸನ್ನಿನ ಕೊನೆಯ ಕಂತನ್ನು ನೆನಪು ಮಾಡಿಕೊಳ್ಳಿ. ಮೀರೀನಿನಲ್ಲಿ ಒಬ್ಬ ಬಡವ ಅವಳ ಸಭೆಗೆ ಬರುತ್ತಾನೆ. ಕೈಯಲ್ಲಿ ಬಟ್ಟೆ ಸುತ್ತಿದ ಗಂಟು. ಮಾತಾಡಲು ಬಾಯಿ ಬರುವುದಿಲ್ಲ. ಗಂಟು ಬಿಚ್ಚಿ ನೆಲದ ಮೇಲೆ ಇಡುತ್ತಾನೆ. ಒಳಗೆ ಸುಟ್ಟು ಕರಕಲಾದ ಪುಟ್ಟ ಮೂಳೆಗಳು. ಡ್ರೋಗನ್ ಎಂಬ ದೊಡ್ಡ ಡ್ರ್ಯಾಗನ್ ಅವನ ಮೂರು ವರ್ಷದ ಮಗಳನ್ನು ಸುಟ್ಟಿತ್ತು. ಡ್ರೋಗನ್ ಕೈಗೆ ಸಿಗುವುದಿಲ್ಲ. ಉಳಿದ ಎರಡನ್ನು ಡೆನೇರಿಸ್ ನೆಲಮಾಳಿಗೆಗೆ ಕರೆದುಕೊಂಡು ಹೋಗುತ್ತಾಳೆ, ತಾನೇ ಕೊರಳಿಗೆ ಸಂಕೋಲೆ ಹಾಕುತ್ತಾಳೆ. ಕಲ್ಲಿನ ಬಾಗಿಲು ಮುಚ್ಚುವಾಗ ಅವು ಕಿರುಚುತ್ತವೆ. ಅವಳು ಅಳುತ್ತಾ ಹಿಂತಿರುಗಿ ನೋಡದೆ ಹೊರಡುತ್ತಾಳೆ.

ಒಂದು ಮಗುವಿನ ಮೂಳೆ ನೋಡಿ, ತನ್ನ ಮಕ್ಕಳು ಅಂದುಕೊಂಡವನ್ನೇ ಕತ್ತಲಿಗೆ ತಳ್ಳಿದವಳು ಅವಳು. ‘ದ ಬೆಲ್ಸ್’ನಲ್ಲಿ ಮರದ ಕುದುರೆ ಹಿಡಿದು ಅಮ್ಮನ ಜೊತೆ ಓಡುವ ಒಂದು ಹುಡುಗಿ ಇದ್ದಾಳಲ್ಲ, ಊರಲ್ಲಿ ಸಿಕ್ಕಿಬಿದ್ದ ಆರ್ಯಾ ಎಂಬ ಯುವತಿ ಉಳಿಸಲು ನೋಡುತ್ತಾಳಲ್ಲ, ಅವಳನ್ನೂ ಅದೇ ಡ್ರೋಗನ್ ಸುಡುತ್ತದೆ. ಈ ಸಲ ಬೆನ್ನ ಮೇಲೆ ಡೆನೇರಿಸ್ ಇದ್ದಾಳೆ. ಮೀರೀನಿನ ಆ ಹೆಂಗಸು ಈ ಹೆಂಗಸಾದದ್ದು ಹೇಗೆ? ಆಗಬಾರದು ಅಂತಲ್ಲ. ಮನುಷ್ಯರು ಹಾಗೂ ಆಗುತ್ತಾರೆ. ಆದರೆ ಆಗುವುದನ್ನು ನಾವು ನೋಡಬೇಕಿತ್ತು. ನಿಮಗೆ ಮೋಸ ಅನ್ನಿಸಿದ್ದು ಇಲ್ಲೇ ಎಂದು ನನ್ನ ನಂಬಿಕೆ.

ಆ ಗಳಿಗೆಯನ್ನು ಮತ್ತೆ ಹಾಕಿ ನೋಡಿ. ಡ್ರೋಗನ್ ಕೋಟೆಗೋಡೆಯ ಮೇಲೆ ಕೂತಿದೆ. ಗಂಟೆ ಹೊಡೆಯುತ್ತಿದೆ. ಕ್ಯಾಮೆರಾ ಡೆನೇರಿಸ್ ಮುಖದ ಮೇಲೆ ನಿಂತಿದೆ. ಉಸಿರು ಏರುತ್ತದೆ, ಕಣ್ಣು ತುಂಬುತ್ತದೆ, ದವಡೆ ಬಿಗಿಯುತ್ತದೆ. ದೂರದಲ್ಲಿ ರೆಡ್ ಕೀಪ್ ಅರಮನೆ. ಡೆನೇರಿಸ್ ಪಾತ್ರದ ನಟಿ ಎಮಿಲಿಯಾ ಕ್ಲಾರ್ಕ್ ಒಂದು ಮಾತೂ ಇಲ್ಲದೆ ಮಾಡಿದ್ದು ಅಷ್ಟಿಷ್ಟಲ್ಲ. ಆಮೇಲೆ ಡ್ರೋಗನ್ ಹಾರುತ್ತದೆ. ಅಲ್ಲಿಂದ ಕಂತು ಮುಗಿಯುವವರೆಗೂ ಅವಳ ಮುಖ ನಮಗೆ ಹತ್ತಿರದಿಂದ ಕಾಣುವುದೇ ಇಲ್ಲ. ಬೀದಿ ಕಾಣುತ್ತದೆ, ಬೂದಿ ಕಾಣುತ್ತದೆ, ಅವಳ ಪ್ರೇಮಿ ಜಾನ್ ಸ್ನೋನ ದಿಗಿಲು ಕಾಣುತ್ತದೆ. ಅವಳು ಆಕಾಶದಲ್ಲಿ ಒಂದು ನೆರಳು.

ನಿರ್ದೇಶಕ ಮಿಗೆಲ್ ಸಪೋಚ್ನಿಕ್ ಕ್ಯಾಮೆರಾವನ್ನು ನೆಲದ ಮೇಲೆ ಇಟ್ಟಿದ್ದು ತಪ್ಪಲ್ಲ. ಅಷ್ಟು ವರ್ಷ ನಾವು ಡ್ರ್ಯಾಗನ್ ಬೆಂಕಿಯನ್ನು ಗೆಲ್ಲುವವರ ಕಡೆಯಿಂದ ನೋಡಿ ಖುಷಿಪಟ್ಟಿದ್ದೆವು. ಇಲ್ಲಿ ಅದರ ಕೆಳಗೆ ನಿಂತವರ ಜೊತೆ ನಮ್ಮನ್ನೂ ನಿಲ್ಲಿಸಿದರು. ಕೆಂಪು ಬೆಂಕಿಯ ಮಧ್ಯೆ ಅಲ್ಲಲ್ಲಿ ಹಸಿರು ಬೆಂಕಿ ಸಿಡಿಯುತ್ತದೆ, ಗಮನಿಸಿದಿರಾ? ಅವಳಪ್ಪ, ಆ ಹುಚ್ಚು ದೊರೆ, ಊರನ್ನು ಸುಡಲೆಂದು ನೆಲದಡಿ ಬಚ್ಚಿಟ್ಟಿದ್ದ ಮದ್ದು ಅದು. ಇಂಥ ಕೆಲಸಕ್ಕೆ ಕೈಮುಗಿಯಬೇಕು. ನೆಲದ ಮೇಲಿನ ಅರ್ಧ ಕತೆಯನ್ನು ಅವರು ಪೂರ್ತಿ ಮನಸ್ಸಿಟ್ಟು ಹೇಳಿದರು. ಆಕಾಶದ ಅರ್ಧವನ್ನು ಹೇಳಲೇ ಇಲ್ಲ.

ಕಂತಿನ ಜೊತೆ ಎಚ್‌ಬಿಒ ಒಂದು ಚಿಕ್ಕ ವಿಡಿಯೊ ಹಾಕುತ್ತಿತ್ತು. ಬರೆದವರಾದ ಡೇವಿಡ್ ಬೆನಿಯಾಫ್ ಮತ್ತು ಡಿ.ಬಿ. ವೈಸ್ ಅದರಲ್ಲಿ ಕೂತು ವಿವರಿಸುತ್ತಾರೆ. ಅವಳು ಮೊದಲೇ ತೀರ್ಮಾನಿಸಿ ಬಂದಿರಲಿಲ್ಲವಂತೆ. ತನ್ನ ಮನೆತನದವರು ಕಟ್ಟಿದ ಅರಮನೆಯನ್ನು, ತನ್ನಿಂದ ಕಿತ್ತುಕೊಂಡದ್ದನ್ನೆಲ್ಲ, ಗೋಡೆಯ ಮೇಲಿಂದ ಕಂಡಾಗ ಅವಳಿಗೆ ಅದು ಸ್ವಂತ ಸೇಡಾಯಿತಂತೆ. ಒಳ್ಳೆಯ ವಿವರಣೆಯೇ. ಆದರೆ ಆ ಅರಮನೆಯಲ್ಲಿ ಇದ್ದವಳು ಶತ್ರು ರಾಣಿ ಸರ್ಸಿ. ಸೇಡಾದರೆ ಅಲ್ಲಿಗೆ ನೇರ ಹಾರಬಹುದಿತ್ತು. ಮೊದಲು ಬೀದಿಬೀದಿಯ ಜನರನ್ನು ಯಾಕೆ ಸುಟ್ಟಳು? ಈ ಪ್ರಶ್ನೆಗೆ ಉತ್ತರ ಇದ್ದರೆ ಅದು ಕತೆಯ ಒಳಗೇ ಸಿಗಬೇಕು.

ಇದೇ ತಂಡಕ್ಕೆ ಇದು ಗೊತ್ತಿರಲಿಲ್ಲ ಅಂತಲ್ಲ. ಆರನೇ ಸೀಸನ್ನಿನ ಕೊನೆಯ ಕಂತಿನಲ್ಲಿ ಸರ್ಸಿ ಒಂದು ದೊಡ್ಡ ದೇಗುಲವನ್ನೇ, ಒಳಗಿದ್ದವರ ಸಮೇತ, ಸ್ಫೋಟಿಸುತ್ತಾಳೆ. ನಿರ್ದೇಶಕರು ಇದೇ ಸಪೋಚ್ನಿಕ್, ಬರೆದವರು ಇವರಿಬ್ಬರೇ. ಪಿಯಾನೊ ನಿಧಾನಕ್ಕೆ ಶುರುವಾಗುತ್ತದೆ. ಸರ್ಸಿ ಕಪ್ಪು ಬಟ್ಟೆ ತೊಡುತ್ತಾಳೆ. ದೇಗುಲಕ್ಕೆ ಹೋಗುವುದಿಲ್ಲ. ಮಗನನ್ನೂ ಹೋಗಲು ಬಿಡುವುದಿಲ್ಲ. ಹಸಿರು ಬೆಂಕಿ ಎದ್ದಾಗ ಕಿಟಕಿಯ ಬಳಿ ನಿಂತು ವೈನ್ ಹೀರುತ್ತಾಳೆ, ಮುಖದಲ್ಲಿ ಸಣ್ಣ ನಗು. ಆ ಮುಖವನ್ನು ನಮಗೆ ತೋರಿಸುತ್ತಾರೆ. ಅಷ್ಟು ಜನ ಸತ್ತರೂ ಆಗ ಯಾರೂ ಮೋಸ ಅನ್ನಲಿಲ್ಲ. ಇದನ್ನು ಮಾಡುವವಳು ಯಾರು, ಯಾಕೆ ಮಾಡಿದಳು ಎಂದು ನಮಗೆ ಎಳೆ ಎಳೆಯಾಗಿ ಗೊತ್ತಿತ್ತು.

ನೀವು ಮೇಷ್ಟ್ರು. ಮಹಾಭಾರತದ ಸೌಪ್ತಿಕ ಪರ್ವ ನಿಮಗೆ ಗೊತ್ತೇ ಇರುತ್ತದೆ. ದುರ್ಯೋಧನ ಬಿದ್ದಾಯಿತು, ಯುದ್ಧ ಮುಗಿದಂತೆಯೇ. ರಾತ್ರಿ ಆಲದ ಮರದ ಕೆಳಗೆ ಕೃಪ, ಕೃತವರ್ಮ ಮಲಗಿದ್ದಾರೆ. ಅಶ್ವತ್ಥಾಮನಿಗೆ ನಿದ್ದೆ ಬರುವುದಿಲ್ಲ. ಮರದ ಮೇಲೆ ಒಂದು ಗೂಬೆ ಬಂದು ಮಲಗಿದ್ದ ಕಾಗೆಗಳನ್ನು ಕೊಲ್ಲುವುದನ್ನು ನೋಡುತ್ತಾನೆ. ಅವನ ತಲೆಯಲ್ಲಿ ಆ ಯೋಚನೆ ಹುಟ್ಟುವುದು ಆಗ. ಕೃಪನನ್ನು ಎಬ್ಬಿಸುತ್ತಾನೆ. ಕೃಪ ಬುದ್ಧಿ ಹೇಳುತ್ತಾನೆ: ಇವತ್ತು ಮಲಗು, ಬೆಳಿಗ್ಗೆ ಎದ್ದು ಹೋರಾಡೋಣ. ಅಶ್ವತ್ಥಾಮ ಒಪ್ಪುವುದಿಲ್ಲ. ಅಪ್ಪನನ್ನು ಕೊಂದ ರೀತಿಯನ್ನು ಎತ್ತುತ್ತಾನೆ, ವಾದ ಮಾಡುತ್ತಾನೆ. ಆಮೇಲೆ ಮಲಗಿದ್ದವರನ್ನು ಕೊಲ್ಲಲು ಹೊರಡುತ್ತಾನೆ. ಓದುವಾಗ ನಮಗೆ ಹೇಸಿಗೆಯಾಗುತ್ತದೆ. ಕವಿ ಮೋಸ ಮಾಡಿದ ಅಂತ ಮಾತ್ರ ಅನ್ನಿಸುವುದಿಲ್ಲ. ಆ ಮರದ ಕೆಳಗೆ ಅವನ ಜೊತೆ ನಾವೂ ಎದ್ದು ಕೂತಿದ್ದೆವು, ಅಲ್ವಾ?

ಡೆನೇರಿಸ್‌ಗೆ ಅಂಥ ಒಂದು ರಾತ್ರಿ ಬೇಕಿತ್ತು. ಅವಳು ಕಳೆದುಕೊಂಡದ್ದು ಕಡಿಮೆಯಲ್ಲ. ನಂಬಿಕೆಯ ಬಂಟ ಜೋರಾ ಸತ್ತ, ಒಂದು ಡ್ರ್ಯಾಗನ್ ಬಾಣಕ್ಕೆ ಬಿತ್ತು, ಗೆಳತಿ ಮಿಸಾಂಡೇ ತಲೆ ಕಣ್ಣೆದುರೇ ಉರುಳಿತು, ಇನ್ನೊಬ್ಬ ಸಲಹೆಗಾರ ವೇರಿಸ್ ದ್ರೋಹ ಬಗೆದ, ಜಾನ್ ದೂರ ಸರಿದ. ಇಷ್ಟೂ ಮೂರು ಕಂತಿನೊಳಗೆ. ಮೊದಲ ಆರು ಸೀಸನ್‌ಗೆ ಹತ್ತು ಹತ್ತು ಕಂತು. ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಆರು. ಊಟ ಬಿಟ್ಟು, ತಲೆ ಬಾಚದೆ ಕೋಣೆಯಲ್ಲಿ ಕೂತ ಅವಳನ್ನು ಈ ಕಂತಿನ ಶುರುವಿನಲ್ಲಿ ತೋರಿಸುತ್ತಾರೆ. ಎಷ್ಟು ಬೇಗ ಆ ಕೋಣೆಯಿಂದ ಹೊರಗೆ ಬಂದುಬಿಡುತ್ತಾರೆ ನೋಡಿ. ಇನ್ನು, ಡೆನೇರಿಸ್ ಮನೆತನದಲ್ಲಿ ಮಗು ಹುಟ್ಟಿದಾಗ ದೇವರು ನಾಣ್ಯ ಚಿಮ್ಮುತ್ತಾನೆ, ಹುಚ್ಚೋ ಅಲ್ಲವೋ ಅದೇ ತೀರ್ಮಾನ ಎಂಬ ಮಾತನ್ನು ವೇರಿಸ್ ಬಾಯಲ್ಲಿ ನೆನಪಿಸುತ್ತಾರೆ. ಎಲ್ಲ ರಕ್ತದಲ್ಲೇ ಬಂದದ್ದು ಎಂದರೆ ಅವಳು ಸಂಕೋಲೆ ಹಾಕಿ ಅತ್ತದ್ದಕ್ಕೆ ಬೆಲೆಯೇ ಇಲ್ಲ. ನಾನು ಅದನ್ನು ಒಪ್ಪಲಾರೆ.

ಹಾಗಾಗಿ ಮೇಡಂ, ನಿಮ್ಮ ಸಿಟ್ಟು ಸರಿಯೇ. ಎಮಿಲಿಯಾ ಕ್ಲಾರ್ಕ್ ಕೂಡ ಕೊನೆಯ ಸೀಸನ್ನಿನ ಚಿತ್ರಕತೆ ಓದಿ ಅತ್ತು, ಮನೆ ಬಿಟ್ಟು ಹೊರಟು, ಕಾಲಲ್ಲಿ ಬೊಬ್ಬೆ ಬರುವವರೆಗೆ ನಡೆದರಂತೆ. ಸಂದರ್ಶನದಲ್ಲಿ ಅವರೇ ಹೇಳಿದ್ದು. ಆ ಪಾತ್ರದ ಜೊತೆ ಬದುಕಿದವರಿಗೇ ಹಾಗಾಗಿರುವಾಗ ನಿಮ್ಮ ಮಗಳಿಗೆ ಆದದ್ದರಲ್ಲಿ ತಪ್ಪೇನಿದೆ?

ಸಹಿಯ ವಿಷಯ ಬೇರೆ. ಬಲ್ಲ ಬರಹಗಾರರನ್ನು ಹಾಕಿ ಎಂಟನೇ ಸೀಸನ್ ಮತ್ತೆ ಮಾಡಿ ಎಂಬ ಆ ಮನವಿಗೆ 15 ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು. ನಾನು ಆ ಮನವಿಯ ಪರ ಇಲ್ಲ. ಕತೆ ಹೇಳಿ ಮುಗಿಸಿದ ಮೇಲೆ ಅದು ಕೆಟ್ಟದು ಎನ್ನುವ ಹಕ್ಕು ನಮಗಿದೆ, ಯಾಕೆ ಕೆಟ್ಟದು ಎಂದು ಗಂಟೆಗಟ್ಟಲೆ ವಾದಿಸುವ ಹಕ್ಕೂ ಇದೆ. ನಮಗೆ ಬೇಕಾದಂತೆ ಬದಲಿಸಿ ಕೊಡಿ ಎಂದು ಕೇಳತೊಡಗಿದರೆ, ನಾಳೆ ಯಾರೂ ನಮಗೆ ಕಹಿಯಾದ ಕತೆ ಹೇಳುವ ಧೈರ್ಯ ಮಾಡುವುದಿಲ್ಲ. ಸೀಸನ್ ಮತ್ತೆ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಆ ವರ್ಷ ಅದಕ್ಕೆ ಅತ್ಯುತ್ತಮ ನಾಟಕ ಸರಣಿಯ ಎಮ್ಮಿ ಪ್ರಶಸ್ತಿಯೂ ಬಂತು. ಪ್ರಶಸ್ತಿ ಬಂದ ಮಾತ್ರಕ್ಕೆ ಸಿಟ್ಟಾದವರು ಸುಳ್ಳಾಗುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಆದರೆ ಸಿಟ್ಟಾದವರನ್ನೆಲ್ಲ ಹಟಮಾರಿ ಮಕ್ಕಳು ಎಂದು ಜರಿದವರ ಜೊತೆಗೂ ನಾನಿಲ್ಲ. ಎಮಿಲಿಯಾ ಕ್ಲಾರ್ಕ್‌ಗೆ ಈ ಧಾರಾವಾಹಿಯ ದಿನಗಳಲ್ಲೇ ಎರಡು ಸಲ ಮಿದುಳಿನ ರಕ್ತನಾಳದ ಕಾಯಿಲೆಯಿಂದ ಶಸ್ತ್ರಚಿಕಿತ್ಸೆ ಆಗಿತ್ತು. ಮಿದುಳಿಗೆ ಪೆಟ್ಟಾದವರು ಚೇತರಿಸಿಕೊಳ್ಳಲು ನೆರವಾಗುವ ‘ಸೇಮ್ ಯೂ’ ಎಂಬ ಸಂಸ್ಥೆಯನ್ನು ಅವರು 2019ರಲ್ಲಿ ಶುರುಮಾಡಿದರು. ಕೊನೆಯ ಸೀಸನ್ನನ್ನು ಎಲ್ಲರಿಗಿಂತ ಜೋರಾಗಿ ಬೈದ ಅಭಿಮಾನಿಗಳೇ ಅದೇ ಮೇ ತಿಂಗಳಲ್ಲಿ ಆ ಸಂಸ್ಥೆಗೆ ದುಡ್ಡು ಕೂಡಿಸಿದರು. ಡೆನೇರಿಸ್‌ಗೆ ಜೀವ ಕೊಟ್ಟಿದ್ದಕ್ಕೆ ಧನ್ಯವಾದ ಅಂತ. ಹತ್ತಾರು ಲಕ್ಷ ರೂಪಾಯಿ ಸೇರಿತು. ಎಮಿಲಿಯಾ ಸಾರ್ವಜನಿಕವಾಗಿ ಕೃತಜ್ಞತೆ ಹೇಳಿದರು. ಮನವಿಯ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಇದು ಅಷ್ಟಾಗಿ ಬರಲಿಲ್ಲ. ನಿಮ್ಮ ಯಜಮಾನರಿಗೆ ಇದನ್ನೂ ಓದಿ ಹೇಳಿ.

— ಸಂ.