ಕಾಲೇಜು ಲೈಬ್ರರಿಗೆ ಬೋರ್ಡ್ ಗೇಮ್‌ಗಳನ್ನು ಹೇಗೆ ಆರಿಸಬೇಕು?

ಕಾಲೇಜು ಲೈಬ್ರರಿಯಲ್ಲಿ ಬೋರ್ಡ್ ಗೇಮ್‌ಗಳ ಕಪಾಟು ಶುರು ಮಾಡುತ್ತಿದ್ದೀರಿ, ಬೋರ್ಡ್‌ಗೇಮ್‌ಗೀಕ್ ಸೈಟಿನ ರ‍್ಯಾಂಕ್ ಪಟ್ಟಿ ನೋಡಿ ಮೇಲಿನಿಂದ ಕೊಂಡರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಆ ಪಟ್ಟಿಗೆ ಅಂಕ ಕೊಡುವವರಲ್ಲಿ ಜಾಸ್ತಿ ಜನ ಆಟದ ಹುಚ್ಚು ಹಿಡಿದವರು. ಒಂದೇ ಆಟಕ್ಕೆ ಮೂರು ಗಂಟೆ ಕೂರುವುದೂ ಅವರಿಗೆ ಖುಷಿಯೇ. ನಿಮ್ಮಲ್ಲಿಗೆ ಬರುವವರಿಗೆ ಎರಡು ಕ್ಲಾಸಿನ ನಡುವೆ ಒಂದು ಗಂಟೆ ಸಿಗುತ್ತದೆ, ಅಷ್ಟೇ. ಪಕ್ಕದಲ್ಲಿ ಕೂತು ಆಟ ಹೇಳಿಕೊಡುವವರೂ ಇರುವುದಿಲ್ಲ.

ನಾನೂ ಒಂದು ಕಾಲೇಜು ಲೈಬ್ರರಿಯಲ್ಲಿ ಇಂಥದೇ ಕಪಾಟು ನೋಡಿಕೊಳ್ಳುತ್ತೇನೆ. ಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮೊದಲನೆಯದು, ಆಟವೇ ಗೊತ್ತಿಲ್ಲದ ನಾಲ್ಕು ಜನ ತಾವೇ ನಿಯಮ ಓದಿ ಕಾಲು ಗಂಟೆಯಲ್ಲಿ ಆಡಲು ಶುರು ಮಾಡಬಲ್ಲರಾ? ಇದಕ್ಕೆ ಅದೇ ಸೈಟಿನಲ್ಲಿ ರ‍್ಯಾಂಕ್ ಬಿಟ್ಟು 'ವೆಯ್ಟ್' ನೋಡಿ. ಆಟ ಎಷ್ಟು ಕಷ್ಟ ಅನ್ನುವುದಕ್ಕೆ 1ರಿಂದ 5ರವರೆಗಿನ ಅಳತೆ ಅದು. 2ರ ಆಸುಪಾಸಿನಲ್ಲಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ರೈಲು ದಾರಿ ಕಟ್ಟುವ ಟಿಕೆಟ್ ಟು ರೈಡ್ (2004) ಈ ಪ್ರಶ್ನೆಯಲ್ಲಿ ಪಾಸಾಗುವ ಆಟ. ನಿಮ್ಮ ಸರದಿಯಲ್ಲಿ ಮಾಡಬೇಕಾದ್ದು ಮೂರರಲ್ಲಿ ಒಂದು ಕೆಲಸ, ಮುಗೀತು. ಪ್ಯಾಂಡೆಮಿಕ್‌ನಲ್ಲಿ (2008) ಎಲ್ಲರೂ ಒಂದೇ ಕಡೆ ಸೇರಿ ರೋಗದ ವಿರುದ್ಧ ಆಡುತ್ತಾರೆ. ಹಾಗಾಗಿ ಹೊಸಬರಿಗೆ ಮುಜುಗರ ಇಲ್ಲ. ಆದರೆ ಗುಂಪಿನಲ್ಲೊಬ್ಬ ಸರ್ವಜ್ಞ ಇದ್ದರೆ ಉಳಿದವರ ಆಟವನ್ನೂ ಅವನೇ ಆಡಿಬಿಡುತ್ತಾನೆ!

ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಒಂದು ಕಾಯಿ ಕಳೆದರೂ ಆಟ ಉಳಿಯುತ್ತದಾ? ಲೈಬ್ರರಿ ಅಂದಮೇಲೆ ಕಳೆದೇ ಕಳೆಯುತ್ತದೆ. ಹನಾಬಿ ಪುಟ್ಟ ಪೆಟ್ಟಿಗೆಯ ಸೊಗಸಾದ ಆಟ, ಇರುವುದು 50 ಕಾರ್ಡು. ಪ್ರತಿ ಬಣ್ಣದ ಕಾರ್ಡುಗಳನ್ನು 1ರಿಂದ 5ರವರೆಗೆ ಕ್ರಮವಾಗಿ ಜೋಡಿಸಬೇಕು. ಪ್ರತಿ ಬಣ್ಣದಲ್ಲೂ 5ರ ಕಾರ್ಡು ಒಂದೇ ಒಂದು. ಅದು ಹೋದರೆ ಆ ಬಣ್ಣ ಪೂರ್ತಿ ಮಾಡಲು ಆಗುವುದೇ ಇಲ್ಲ. ಕೋಡ್‌ನೇಮ್ಸ್‌ನಲ್ಲಿ ಒಂದು ಪದದ ಸುಳಿವಿನಿಂದ ಮೇಜಿನ ಮೇಲಿನ ಪದಗಳನ್ನು ಊಹಿಸಬೇಕು. 200 ಪದದ ಕಾರ್ಡುಗಳಿವೆ, ಒಂದು ಆಟಕ್ಕೆ ಬೇಕಾದ್ದು 25. ಹತ್ತು ಮಾಯವಾದರೂ ಯಾರಿಗೂ ಗೊತ್ತಾಗುವುದಿಲ್ಲ. ಅದರ ತೊಂದರೆ ಬೇರೆ. ಕಾರ್ಡಿನ ಭಾಷೆ ಚೆನ್ನಾಗಿ ಬಾರದವರು ಹಿಂದೆ ಬೀಳುತ್ತಾರೆ. ಅಂಥವರು ಜಾಸ್ತಿ ಇದ್ದರೆ ಚಿತ್ರಗಳಿರುವ ಆವೃತ್ತಿ ಕೊಳ್ಳಿ.

ಕಾಯಿ ಎಣಿಸುವುದು ಬೇಸರದ ಕೆಲಸ. ಹೊಸ ಪೆಟ್ಟಿಗೆಯನ್ನು ತೂಗಿ ಗ್ರಾಂ ಲೆಕ್ಕವನ್ನು ಮುಚ್ಚಳದ ಒಳಗೆ ಬರೆದಿಡಿ. ವಾಪಸ್ ಬಂದಾಗ ಮತ್ತೆ ತೂಗಿ, ವ್ಯತ್ಯಾಸ ಕಂಡರೆ ಮಾತ್ರ ಎಣಿಸಿ. ಒಂದೇ ಒಂದು ಕಾರ್ಡು ಹೋದರೆ ತಕ್ಕಡಿಗೂ ಗೊತ್ತಾಗದಿರಬಹುದು, ಪರವಾಗಿಲ್ಲ.

ಪಾಠಕ್ಕೆ ಬೇಕಾದ ಆಟಗಳ ವಿಷಯ ಬೇರೆ. ಟ್ವೈಲೈಟ್ ಸ್ಟ್ರಗಲ್ (2005) ಶೀತಲ ಸಮರದ ಮೇಲಿನ ಆಟ. ಇಬ್ಬರೇ ಆಡಬೇಕು, ಎರಡು ಮೂರು ಗಂಟೆ ಹಿಡಿಯುತ್ತದೆ. ನನ್ನ ಮೊದಲ ಪ್ರಶ್ನೆಗೆ ಇದು ಫೇಲ್. ಆದರೂ ಇತಿಹಾಸದ ಮೇಷ್ಟ್ರು ಕ್ಲಾಸಿನಲ್ಲಿ ಬಳಸುತ್ತೇನೆ ಅಂದರೆ ಕಣ್ಣುಮುಚ್ಚಿ ತರಿಸಿ. ಮೊನಾಪಲಿ ಕೂಡ ಹಾಗೇ. ಸುಮ್ನೆ ಆಡುವುದಕ್ಕಾದರೆ ನಾನು ಕೊಳ್ಳುವುದಿಲ್ಲ, ಬೇಗ ಸೋತವರು ಕೂತು ಆಕಳಿಸಬೇಕು. ಆದರೆ ಅದರ ಮೂಲ ಲಿಜ್ಜಿ ಮೇಗೀ 1904ರಲ್ಲಿ ಪೇಟೆಂಟ್ ಪಡೆದ ಲ್ಯಾಂಡ್‌ಲಾರ್ಡ್ಸ್ ಗೇಮ್. ಭೂಮಿಯ ಬಾಡಿಗೆ ಕೆಲವರನ್ನಷ್ಟೇ ಹೇಗೆ ಶ್ರೀಮಂತ ಮಾಡುತ್ತದೆ ಅಂತ ತೋರಿಸಲು ಆಕೆ ಮಾಡಿದ ಆಟ ಅದು. ಅರ್ಥಶಾಸ್ತ್ರದ ಕ್ಲಾಸಿಗೆ ಒಳ್ಳೆಯ ಸಾಮಗ್ರಿ ಅಲ್ವಾ? ಇಂಥವನ್ನು ಕೊಳ್ಳುವ ಮುಂಚೆ ಮೇಷ್ಟ್ರನ್ನೇ ಕೇಳಿ, ಯಾವ ಪಾಠಕ್ಕೆ, ಎಷ್ಟು ಹೊತ್ತು ಅಂತ.

'ಲೆಗಸಿ' ಅಂತ ಹೆಸರಿರುವುದನ್ನು ಮುಟ್ಟಬೇಡಿ. ಆಡುತ್ತಾ ಬೋರ್ಡಿಗೆ ಸ್ಟಿಕ್ಕರ್ ಅಂಟಿಸಬೇಕು, ಕಾರ್ಡು ಹರಿಯಬೇಕು. ಒಂದು ಗುಂಪು ಆಡಿ ಮುಗಿಸಿದ ಮೇಲೆ ಮುಂದಿನವರಿಗೆ ಏನು ಕೊಡುತ್ತೀರಿ? ಮೊಬೈಲ್ ಆ್ಯಪ್ ಇಲ್ಲದೆ ನಡೆಯದ ಆಟಗಳೂ ಬೇಡ.

ಇನ್ನೊಂದು, ಕ್ಯಾಟಲಾಗಿನಲ್ಲಿ ಎಷ್ಟು ಜನ, ಎಷ್ಟು ಹೊತ್ತು ಅನ್ನುವುದನ್ನು ತಪ್ಪದೆ ಹಾಕಿ. ಹುಡುಗರು ಹುಡುಕುವುದು ಆಟದ ಹೆಸರಿನಿಂದಲ್ಲ, 'ಐದು ಜನಕ್ಕೆ, ಮುಕ್ಕಾಲು ಗಂಟೆಗೆ ಏನಿದೆ' ಅಂತ. ಒಂದು ವರ್ಷ ಆದಮೇಲೆ ಜಾಸ್ತಿ ಓಡಾಡಿದ ಆಟದ ಇನ್ನೊಂದು ಪ್ರತಿ ತರಿಸಿ. ಹೊಸ ಆಟ ಆಮೇಲೆ ನೋಡೋಣ.