ಪ್ರತಿಕ್ರಿಯೆ: ಮಗಳ ಫೋನಿಗೆ ಎಚ್ಚರಿಕೆ ಬರಲಿಲ್ಲ, ಗೆಳತಿ ಪಿಸ್ತೂಲು ಕೊಡುತ್ತಾಳಂತೆ
ಟೆಕ್ಸಾಸಿನಲ್ಲಿ ಓದುವ ನಿಮ್ಮ ಮಗಳಿಗೆ ಗುಂಡಿನ ದಾಳಿಯ ಎಚ್ಚರಿಕೆ ಬಾರದಿರಲು ಬಹುಶಃ ಕಾರಣ, ವಿಶ್ವವಿದ್ಯಾಲಯದ ದಾಖಲೆಯಲ್ಲಿ ಇನ್ನೂ ಊರಿನ +91 ಸಂಖ್ಯೆಯೇ ಉಳಿದಿರುವುದು. ನನ್ನ ಮಗನದ್ದೂ ಹಾಗೆಯೇ ಆಗಿತ್ತು.

ಮೊದಲು ವಿದ್ಯಾರ್ಥಿ ಪೋರ್ಟಲ್‌ನಲ್ಲಿ ಅಮೆರಿಕದ ಸಂಖ್ಯೆ ಹಾಕಲಿ. ಆಮೇಲೆ ಫೋನ್ ಮೌನದಲ್ಲಿದ್ದರೂ ಆ ಸಂದೇಶ ಸದ್ದು ಮಾಡುವಂತೆ ಹೊಂದಿಸಿಕೊಳ್ಳಲಿ. ವಿಶ್ವವಿದ್ಯಾಲಯ ವ್ಯವಸ್ಥೆಯನ್ನು ಪರಿಶೀಲಿಸಲು ಕಳಿಸುವ ಮುಂದಿನ ಪ್ರಾಯೋಗಿಕ ಸಂದೇಶವೂ ಬರದಿದ್ದರೆ ಕ್ಯಾಂಪಸ್ ಪೊಲೀಸರನ್ನೇ ಕೇಳಲಿ, ಸಂಕೋಚ ಬೇಡ. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಮೊದಲ ಗುಂಡು ಹಾರಿ ಎರಡು ಗಂಟೆ ಕಳೆದ ಮೇಲೆ ವಿದ್ಯಾರ್ಥಿಗಳಿಗೆ ಎಚ್ಚರಿಕೆಯ ಇಮೇಲ್ ಹೋಗಿತ್ತು. ಆ ದಿನ 32 ಮಂದಿ ಹತರಾದರು. ಅಪಾಯ ದೃಢಪಟ್ಟ ಕೂಡಲೇ ತಿಳಿಸಬೇಕೆಂದು ಕ್ಯಾಂಪಸ್ ಸುರಕ್ಷತೆಯ ಕಾನೂನಾದ ಕ್ಲೆರಿ ಕಾಯ್ದೆಗೆ ತಿದ್ದುಪಡಿ ಬಂದದ್ದು ಮರುವರ್ಷ.

ಗೆಳತಿ ಕೊಡುತ್ತೇನೆಂದ ಪಿಸ್ತೂಲು ಮಾತ್ರ ಬೇಡವೇ ಬೇಡ. 2016ರ ಆಗಸ್ಟ್ 1ರಿಂದ ಟೆಕ್ಸಾಸಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪರವಾನಗಿ ಇದ್ದವರು ಕೈಬಂದೂಕನ್ನು ಮರೆಯಲ್ಲಿಟ್ಟುಕೊಂಡು ಓಡಾಡಬಹುದು, ನಿಜ. ಆದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಬಂದೂಕು ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆ ಪರವಾನಗಿಯಂಥ ವಿನಾಯಿತಿಗಳಿವೆ. ಅವು ಅವಳಿಗೆ ಅನ್ವಯಿಸುತ್ತವೆಯೇ ಎಂಬುದನ್ನು ವಲಸೆ ವಕೀಲರೇ ಹೇಳಬೇಕು.

ನಾಳೆಯೇ ತನ್ನ ತರಗತಿಯ ಎರಡನೆಯ ಬಾಗಿಲು ಎಲ್ಲಿ ತೆರೆದುಕೊಳ್ಳುತ್ತದೆ, ಒಳಗಿನಿಂದ ಚಿಲಕ ಬೀಳುತ್ತದೆಯೇ ಎಂದು ನೋಡಿಕೊಳ್ಳಲಿ. ಗುಂಡಿನ ಸದ್ದು ಕೇಳಿದರೆ ಮೊದಲು ಓಡುವುದು. ಆಗದಿದ್ದರೆ ಚಿಲಕ ಹಾಕಿ, ದೀಪ ಆರಿಸಿ, ಫೋನಿನ ಸದ್ದಡಗಿಸಿ ಅವಿತುಕೊಳ್ಳುವುದು. ಸುರಕ್ಷಿತವಾದ ಮೇಲೆ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡುವುದು.