ಐಡಿಯಾ ಆಮೇಲೆ, ಮೊದಲು ಲೆಕ್ಕದ ಪುಸ್ತಕ

ಓದುಗರ ಪತ್ರ: ನಾನು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಒಂಬತ್ತನೇ ತರಗತಿಯ ಮಕ್ಕಳಿಗೆ ವಾರಕ್ಕೊಂದು ಪೀರಿಯಡ್ ವ್ಯಾಪಾರದ ಮೊದಲ ಪಾಠ ಹೇಳಿಕೊಡಿ ಎಂದು ಹೆಡ್‌ಮಾಸ್ಟರ್ ಹೇಳಿದ್ದಾರೆ. ನಾನೋ ಜೀವನದಲ್ಲಿ ಒಂದು ಪೆನ್ಸಿಲ್ ಕೂಡ ಮಾರಿದವಳಲ್ಲ. ಐಡಿಯಾ ಸ್ಪರ್ಧೆ ಇಟ್ಟು ಶುರು ಮಾಡೋಣ ಅಂದುಕೊಂಡಿದ್ದೇನೆ. ಆದರೆ ಹಿರಿಯ ಸಹೋದ್ಯೋಗಿಯೊಬ್ಬರು "ವ್ಯಾಪಾರಂ ದ್ರೋಹ ಚಿಂತನಂ, ಈ ವಯಸ್ಸಿಗೇ ಮಕ್ಕಳಿಗೆ ದುಡ್ಡಿನ ಹುಚ್ಚು ಹಿಡಿಸಬೇಡಿ" ಅಂದರು. ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಎಲ್ಲಿಂದ ಶುರು ಮಾಡಲಿ?

ಸಂಪಾದಕರ ಉತ್ತರ:

ಟೀಚರ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಐಡಿಯಾ ಸ್ಪರ್ಧೆಯಿಂದ ಶುರು ಮಾಡಬೇಡಿ. ಮಕ್ಕಳ ಕೈಗೆ ಮೊದಲು ಒಂದು ಲೆಕ್ಕದ ಪುಸ್ತಕ ಕೊಡಿ.

ಯಾಕೆ ಅಂದರೆ, ಐಡಿಯಾ ಸ್ಪರ್ಧೆಯಲ್ಲಿ ಗೆಲ್ಲುವುದು ಚೆನ್ನಾಗಿ ಮಾತಾಡುವ ಮಗು. ಚಾರ್ಟ್ ಅಂದವಾಗಿರುತ್ತದೆ, ಚಪ್ಪಾಳೆ ಬೀಳುತ್ತದೆ, ಬಹುಮಾನ ತಗೊಂಡು ಎಲ್ಲರೂ ಮನೆಗೆ ಹೋಗುತ್ತಾರೆ. ಆ ವಸ್ತುವನ್ನು ಯಾರೂ ತಯಾರಿಸಿರುವುದಿಲ್ಲ, ಯಾರೂ ದುಡ್ಡು ಕೊಟ್ಟು ಕೊಂಡಿರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುವ ಒಬ್ಬ ಹುಡುಗಿ ಪ್ರತಿಯೊಂದು ಖರ್ಚನ್ನೂ ಮರೆಯದೆ ಬರೆದಿಡಬಲ್ಲಳು. ಆದರೆ ಆ ಸ್ಪರ್ಧೆಯಲ್ಲಿ ಅವಳು ಯಾರ ಕಣ್ಣಿಗೂ ಬೀಳುವುದಿಲ್ಲ. ಎಷ್ಟೋ ವ್ಯಾಪಾರಗಳು ಉಳಿದುಕೊಂಡಿರುವುದು ಅಂಥವರಿಂದಲೇ ಎನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ವ್ಯಾಪಾರ ಗೊತ್ತಿಲ್ಲ ಎಂದು ನೀವು ಹಿಂಜರಿಯಬೇಕಾಗಿಲ್ಲ. ಜಮಾ-ಖರ್ಚನ್ನು ಎರಡು ಕಡೆ ಬರೆದು ತಾಳೆ ನೋಡುವ ಪದ್ಧತಿಯನ್ನು ಮೊದಲ ಸಲ ವಿವರವಾಗಿ ಅಚ್ಚು ಹಾಕಿಸಿದ್ದು 1494ರಲ್ಲಿ, ವೆನಿಸ್‌ನಲ್ಲಿ. ಬರೆದವರು ಲೂಕಾ ಪಾಚೋಲಿ. ಅವರು ವ್ಯಾಪಾರಿಯಲ್ಲ, ಸನ್ಯಾಸಿ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಹಾಗೇ ಗಣಿತ ಕಲಿಸುತ್ತಿದ್ದವರು. ಆ ಪದ್ಧತಿಯನ್ನು ಅವರು ಕಂಡುಹಿಡಿಯಲಿಲ್ಲ. ವೆನಿಸ್‌ನ ವರ್ತಕರು ಆಗಲೇ ಮಾಡುತ್ತಿದ್ದುದನ್ನು ಗಣಿತದ ಪುಸ್ತಕವೊಂದರ ಒಳಗೆ ಒಂದು ಭಾಗವಾಗಿ ಬರೆದರು, ಅಷ್ಟೇ. ಮೂರು ಪುಸ್ತಕ ಇಡಿ ಅಂತ ಅವರು ಹೇಳುತ್ತಾರೆ. ಒಂದರಲ್ಲಿ ನಡೆದದ್ದನ್ನು ನಡೆದ ಹೊತ್ತಿಗೇ ಗೀಚಿಡಬೇಕು. ಇನ್ನೊಂದರಲ್ಲಿ ಅದನ್ನು ದಿನದ ಕ್ರಮದಲ್ಲಿ ಶುದ್ಧವಾಗಿ ಬರೆಯಬೇಕು. ಮೂರನೆಯದರಲ್ಲಿ ಯಾರದ್ದು ಎಷ್ಟು, ಯಾವುದಕ್ಕೆ ಎಷ್ಟು ಎಂದು ಬೇರೆ ಬೇರೆ ಖಾತೆಗೆ ಹಾಕಬೇಕು. ಒಂಬತ್ತನೇ ತರಗತಿಗೆ ಇಂದಿಗೂ ಇದೇ ಸಾಕು.

ಈಗ ತರಗತಿಗೆ ಬರೋಣ. ಹಳೆಯ ನೋಟ್‌ಬುಕ್‌ಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಸೇರಿಸಿ, ರಟ್ಟು ಹಾಕಿ, ಹೊಲಿದು ಮಕ್ಕಳು ಹೊಸ ಪುಸ್ತಕ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಒಂದಕ್ಕೆ ರಟ್ಟು, ದಾರ, ಅಂಟು ಸೇರಿ 20 ಬೀಳುತ್ತದೆ. ಯಾವ ದೇಶದ ದುಡ್ಡಾದರೂ ಸರಿ, ಲೆಕ್ಕ ಒಂದೇ. ಶಾಲೆಯ ಮೇಳದಲ್ಲಿ ಒಂದು ಟೇಬಲ್ಲಿನ ಬಾಡಿಗೆ 600. ಪುಸ್ತಕದ ಬೆಲೆ 50. ಎಷ್ಟು ಮಾರಿದರೆ ಹಾಕಿದ ದುಡ್ಡು ವಾಪಸ್ ಬರುತ್ತದೆ?

ಮಕ್ಕಳು ಬೇಗ ಹೇಳುತ್ತಾರೆ. ಒಂದು ಪುಸ್ತಕದಲ್ಲಿ 30 ಉಳಿಯುತ್ತದೆ, 600ನ್ನು 30ರಿಂದ ಭಾಗಿಸಿದರೆ 20. ಇಪ್ಪತ್ತು ಪುಸ್ತಕಕ್ಕೆ ಅಸಲು, ಇಪ್ಪತ್ತೊಂದನೆಯದರಿಂದ ಲಾಭ. ಸರಿ. ಈಗ ಒಬ್ಬ ಎದ್ದು ನಿಂತು, "ಬೆಲೆ 40 ಮಾಡೋಣ ಮಿಸ್, ಜಾಸ್ತಿ ಹೋಗುತ್ತೆ" ಅನ್ನುತ್ತಾನೆ. ಇಂಥವನೊಬ್ಬ ಪ್ರತಿ ತರಗತಿಯಲ್ಲೂ ಇರುತ್ತಾನೆ. ಅವನನ್ನೇ ಬೋರ್ಡಿಗೆ ಕರೆಯಿರಿ. ಈಗ ಒಂದು ಪುಸ್ತಕಕ್ಕೆ ಉಳಿಯುವುದು 20. ಅಸಲಿಗೇ 30 ಪುಸ್ತಕ ಹೋಗಬೇಕು. ಬೆಲೆ ಇಳಿಸಿದ್ದು ಐದರಲ್ಲಿ ಒಂದು ಪಾಲು ಮಾತ್ರ. ಮಾರಬೇಕಾದದ್ದು ಮೊದಲಿನ ಒಂದೂವರೆ ಪಟ್ಟು! ಆ ಮಗು ಸೀಮೆಸುಣ್ಣ ಹಿಡಿದುಕೊಂಡು ಒಂದು ಕ್ಷಣ ಹಾಗೇ ನಿಂತರೆ ಅವಸರ ಮಾಡಬೇಡಿ.

ನಿಜವಾದ ಪಾಠ ಇನ್ನೂ ಬಾಕಿ ಇದೆ. ಮೇಳದ ದಿನ ಮಕ್ಕಳು 40 ಪುಸ್ತಕ ತಂದಿದ್ದರು, 50ರಂತೆ 28 ಹೋದವು ಅಂತ ಇಟ್ಟುಕೊಳ್ಳಿ. ಅಸಲು 20ಕ್ಕೆ, ಅದರ ಮೇಲೆ 8 ಹೋಯಿತು, 240 ಲಾಭ ಎಂದು ಕುಣಿಯುತ್ತಾರೆ. ಡಬ್ಬಿ ಎಣಿಸಿ ಅನ್ನಿ. ಬಂದದ್ದು 1400. ಹೋದದ್ದು ಬಾಡಿಗೆ 600, ನಲವತ್ತು ಪುಸ್ತಕದ ಸಾಮಾನಿಗೆ 800, ಒಟ್ಟು 1400. ಕೈಯಲ್ಲಿ ಉಳಿದದ್ದು ಸೊನ್ನೆ. ಹಾಗಾದರೆ ಆ 240 ಎಲ್ಲಿ ಹೋಯಿತು? ರಟ್ಟಿನ ಪೆಟ್ಟಿಗೆಯಲ್ಲಿ ಉಳಿದ 12 ಪುಸ್ತಕಗಳಲ್ಲಿದೆ. ಒಂದಕ್ಕೆ 20ರಂತೆ ಸರಿಯಾಗಿ 240.

ಆ ಹನ್ನೆರಡು ಪುಸ್ತಕಗಳಿಗೆ ಲೆಕ್ಕದಲ್ಲಿ ಎಷ್ಟು ಬೆಲೆ ಬರೆಯಬೇಕು? ಮುಂದಿನ ವಾರ ಮಾರುತ್ತೇವೆ ಅನ್ನುವವರು 20ರಂತೆ ಬರೆಯಬಹುದು. ಇನ್ನು ಯಾರೂ ಕೊಳ್ಳುವುದಿಲ್ಲ ಅಂತ ಗೊತ್ತಿದ್ದರೆ ಸೊನ್ನೆ ಬರೆಯಬೇಕು. ಅಂಕಿ ಬರೆಯುವುದು ಸುಲಭ, ನಿಜವಾದ ಅಂಕಿ ಬರೆಯುವುದು ಕಷ್ಟ. ದೊಡ್ಡ ಕಂಪನಿಗಳ ಲೆಕ್ಕ ತಪಾಸಣೆಯಲ್ಲೂ ವಾದ ನಡೆಯುವ ಜಾಗಗಳಲ್ಲಿ ಇದೂ ಒಂದು. ಮಕ್ಕಳು ಇದರ ಬಗ್ಗೆ ಜಗಳ ಆಡಲಿ, ಬಿಡಿ. ಆ ಪೀರಿಯಡ್ ಪೂರ್ತಿ ಅದಕ್ಕೇ ಹೋದರೂ ಪರವಾಗಿಲ್ಲ.

ನಮ್ಮ ಪತ್ರಿಕೆಯದ್ದೇ ಒಂದು ಉದಾಹರಣೆ ಕೊಡುತ್ತೇನೆ. ಓದುಗರು ವರ್ಷದ ಚಂದಾ ಮೊದಲೇ ಕಟ್ಟುತ್ತಾರೆ. ಹಣ ಇವತ್ತೇ ಕೈಗೆ ಬರುತ್ತದೆ. ಆದರೆ ಅದು ಇನ್ನೂ ನಮ್ಮ ಗಳಿಕೆ ಅಲ್ಲ, ಹನ್ನೆರಡು ಸಂಚಿಕೆ ಕಳಿಸುತ್ತೇವೆ ಅಂತ ಕೊಟ್ಟ ಮಾತು. ಮಾತು ಬಾಕಿ ಇರುವಷ್ಟು ದಿನ ಅದು ಲೆಕ್ಕದಲ್ಲಿ ನಮ್ಮ ಮೇಲಿನ ಋಣ. ಒಂದೊಂದು ಸಂಚಿಕೆ ಕಳಿಸಿದಾಗಲೂ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ನಮ್ಮದಾಗುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬಂದಾಗ ನನಗೂ ಇದು ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ ದುಡ್ಡು ಕಂಡು ಪುಟ ಹೆಚ್ಚಿಸೋಣ ಅಂದಿದ್ದೆ. ಲೆಕ್ಕ ನೋಡುವವರು ಪುಸ್ತಕ ತೆರೆದು, "ಸರ್, ಇದು ಮುಂದಿನ ಒಂಬತ್ತು ತಿಂಗಳ ಕಾಗದದ ದುಡ್ಡು" ಅಂದರು. ಆ ದಿನ ಕಲಿತದ್ದನ್ನು ಹದಿನಾಲ್ಕನೇ ವಯಸ್ಸಿನಲ್ಲೇ ಯಾರಾದರೂ ಹೇಳಿಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ. ಉದ್ರಿ ಇದಕ್ಕೆ ತದ್ವಿರುದ್ಧ. ಅಲ್ಲಿ ವಸ್ತು ಹೋಗಿರುತ್ತದೆ, ಲಾಭ ಪುಸ್ತಕದಲ್ಲಿ ಕಾಣುತ್ತದೆ, ಕೈಯಲ್ಲಿ ಕಾಸು ಇರುವುದಿಲ್ಲ. ಲಾಭ ತೋರಿಸುತ್ತಲೇ ಮುಚ್ಚಿಹೋದ ವ್ಯಾಪಾರಗಳ ಕಥೆ ಎಷ್ಟೋ ಸಲ ಇದೇ ಆಗಿರುತ್ತದೆ.

ಇನ್ನು ನಿಮ್ಮ ಸಹೋದ್ಯೋಗಿಯ ಮಾತು. ಅವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಮೋಸ ಮಾಡುವ ವ್ಯಾಪಾರ ಅವರ ಕಣ್ಣಿಗೂ ಬಿದ್ದಿರುತ್ತದೆ. ಆದರೆ ಮೋಸಕ್ಕೆ ಜಾಗ ಸಿಗುವುದು ಎಲ್ಲಿ? ಲೆಕ್ಕ ಒಬ್ಬರಿಗೆ ಮಾತ್ರ ಗೊತ್ತಿರುವ ಕಡೆ, ಅಲ್ವಾ? ಲೆಕ್ಕದ ಪುಸ್ತಕ ತರಗತಿಯ ಮೇಜಿನ ಮೇಲೆ ತೆರೆದಿರಲಿ. ಯಾವ ಮಗು ಬೇಕಾದರೂ ಯಾವ ಹೊತ್ತಿಗೆ ಬೇಕಾದರೂ ನೋಡಲಿ. ಹೊಲಿಗೆ ಬಿಟ್ಟ ಪುಸ್ತಕ ಕೊಂಡವರು ವಾಪಸ್ ತಂದರೆ ದುಡ್ಡು ಹಿಂದಿರುಗಿಸುವ ನಿಯಮವನ್ನು ಮಕ್ಕಳೇ ಮೊದಲ ದಿನ ಬರೆಯಲಿ. ಆ ವಾಪಸ್ಸಾತಿಯೂ ಲೆಕ್ಕಕ್ಕೆ ಬರಲಿ. ಇದನ್ನು ಮಾಡಿ ನೋಡಿದ ಮಗುವಿಗೆ ದುಡ್ಡಿನ ಹುಚ್ಚು ಹಿಡಿಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಮನೆಯಲ್ಲಿ ದೊಡ್ಡವರು ದುಡಿದು ತರುವ ಹಣದ ತೂಕ ಗೊತ್ತಾಗುತ್ತದೆ. ಬೇಕಾದರೆ ಇನ್ನೊಂದು ಕಾಲಂ ಸೇರಿಸಿ, ಯಾರು ಎಷ್ಟು ಗಂಟೆ ಕೆಲಸ ಮಾಡಿದರು ಅಂತ. ಕೊನೆಯಲ್ಲಿ ಲಾಭವನ್ನು ಗಂಟೆಗಳಿಂದ ಭಾಗಿಸಲಿ.

ಮಕ್ಕಳೇ ವ್ಯಾಪಾರ ನಡೆಸಿ ಕಲಿಯುವುದು ಹೊಸದೇನಲ್ಲ. 1919ರಲ್ಲಿ ಅಮೆರಿಕದಲ್ಲಿ ಶುರುವಾದ ಜೂನಿಯರ್ ಅಚೀವ್‌ಮೆಂಟ್ ಎಂಬ ಸಂಸ್ಥೆ ಈಗ ಎಷ್ಟೋ ದೇಶಗಳಲ್ಲಿದೆ. ಅಲ್ಲಿ ಹೈಸ್ಕೂಲ್ ಮಕ್ಕಳು ಪುಟ್ಟ ಕಂಪನಿ ಕಟ್ಟುತ್ತಾರೆ, ಷೇರು ಮಾರಿ ಬಂಡವಾಳ ಕೂಡಿಸುತ್ತಾರೆ, ವಸ್ತು ಮಾಡಿ ಮಾರುತ್ತಾರೆ. ನನಗೆ ತುಂಬ ಹಿಡಿಸಿದ್ದು ಅದರ ಕೊನೆಯ ಭಾಗ. ವರ್ಷ ಮುಗಿದಾಗ ಕಂಪನಿ ಮುಚ್ಚಿ, ಷೇರು ಕೊಂಡವರಿಗೆ ಅವರ ಪಾಲು ಕೊಟ್ಟು, ಲೆಕ್ಕ ಚುಕ್ತಾ ಮಾಡುತ್ತಾರೆ. ಶುರು ಮಾಡುವುದನ್ನು ಎಲ್ಲರೂ ಕಲಿಸುತ್ತಾರೆ. ಮರ್ಯಾದೆಯಿಂದ ಮುಗಿಸುವುದನ್ನು ನೀವು ಕಲಿಸಿ.

ಎರಡು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಬಂಡವಾಳ ಮಕ್ಕಳ ಮನೆಯಿಂದ ಬರುವುದು ಬೇಡ. ಶಾಲೆಯೇ ಸ್ವಲ್ಪ ಹಣವನ್ನು ಸಾಲವಾಗಿ ಕೊಡಲಿ, ಮುಳುಗಿದರೂ ಯಾರಿಗೂ ನೋವಾಗದಷ್ಟು. ಇಲ್ಲದಿದ್ದರೆ ಮನೆಯಲ್ಲಿ ದುಡ್ಡು ಕೇಳಲಾಗದ ಮಗು ಮೊದಲ ದಿನವೇ ಹಿಂದೆ ಸರಿಯುತ್ತದೆ. ಆಮೇಲೆ ಅದನ್ನು ಕರೆತರುವುದು ಬಹಳ ಕಷ್ಟ. ಇನ್ನೊಂದು, ಅಪ್ಪ ಅಮ್ಮಂದಿರು ಕೊಂಡದ್ದನ್ನು ಲೆಕ್ಕದಲ್ಲಿ ಬೇರೆ ಸಾಲಿನಲ್ಲಿ ಬರೆಸಿ. ಅವರು ಕೊಳ್ಳುವುದು ಪ್ರೀತಿಗೆ. ಗುರುತಿಲ್ಲದವರು ಬಂದು, ಪುಸ್ತಕ ತಿರುಗಿಸಿ ನೋಡಿ, ಬೇಡ ಅಂತ ಇಟ್ಟು ಹೋಗುತ್ತಾರಲ್ಲ, ಅವರನ್ನು ಯಾಕೆ ಬೇಡ ಅಂತ ವಿನಯದಿಂದ ಕೇಳಲು ಒಂದು ಮಗುವನ್ನು ನಿಲ್ಲಿಸಿ. ಅವರು ಹೇಳಿದ್ದನ್ನೂ ಬರೆದುಕೊಳ್ಳಲಿ. ಮಾರುಕಟ್ಟೆ ಎನ್ನುವ ಪಾಠಕ್ಕೆ ಆ ಹಾಳೆಯೇ ಸಾಕು. ಷೇರು ಪೇಟೆ, ಬಡ್ಡಿ, ತೆರಿಗೆ ಎಲ್ಲ ಮುಂದಿನ ವರ್ಷಕ್ಕಿರಲಿ.

ಐಡಿಯಾ ಸ್ಪರ್ಧೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ಮೇಳ ಮುಗಿದು ಲೆಕ್ಕ ತಾಳೆಯಾದ ಮೇಲೆ ಇಡಿ. ಆಗ ಐಡಿಯಾ ಹೇಳುವ ಮಗುವಿಗೆ ಉಳಿದವರು ಕೇಳುವ ಮೊದಲ ಪ್ರಶ್ನೆಯೇ ಬೇರೆ ಆಗಿರುತ್ತದೆ.

ಮೇಳ ಆದ ಮೇಲೆ ನನಗೊಂದು ಪತ್ರ ಹಾಕಿ ಟೀಚರ್. ಎಷ್ಟು ಲಾಭ ಬಂತು ಅಂತ ಬರೆಯದಿದ್ದರೂ ಸರಿ. ಪೆಟ್ಟಿಗೆಯಲ್ಲಿ ಉಳಿದ ಪುಸ್ತಕಗಳಿಗೆ ಮಕ್ಕಳು ಎಷ್ಟು ಬೆಲೆ ಬರೆದರು, ಯಾಕೆ ಬರೆದರು, ಅದನ್ನು ಮಾತ್ರ ತಪ್ಪದೆ ತಿಳಿಸಿ.